ಬಿಟ್ಟಿ ಸವಾರಿಯ ಸಾಕ್ಷಿ

ಹೊಸ ಕಾರು ತೆಗೆದುಕೊಂಡು ಕುಣಿಗಲ್‌ನಿಂದ ಗುಬ್ಬಿಗೆ, ನನ್ನ ತವರಿಗೆ, ತೋರಿಸಲು ಹೋಗಿದ್ದೆ. ಬೀದಿಯವರೆಲ್ಲ ಬಂದು ನೋಡಿದರು. ಒಬ್ಬರು ಬಣ್ಣ ಚೆನ್ನಾಗಿದೆ ಅಂದರು, ಇನ್ನೊಬ್ಬರು ಬಾಗಿಲು ತೆಗೆದು ಹಾಕಿ ಸದ್ದು ಕೇಳಿದರು. ಅಣ್ಣ ಟೈರಿಗೆ ಒದ್ದು ನೋಡಿದ. ಗಂಡಸರು ಅದೇಕೆ ಟೈರಿಗೆ ಒದೆಯುತ್ತಾರೋ ನನಗಿನ್ನೂ ತಿಳಿದಿಲ್ಲ. ಅತ್ತಿಗೆ ಮಾತ್ರ ಆರತಿ ತಟ್ಟೆ ಕೆಳಗಿಟ್ಟವರೇ, "ಇನ್ಶೂರೆನ್ಸ್ ಪೇಪರ್ ಎಲ್ಲಿ?" ಅಂದರು.

ಕೊಟ್ಟೆ. ಜಗಲಿಯ ಮೇಲೆ ಕೂತು, ಕನ್ನಡಕ ಮೂಗಿನ ತುದಿಗಿಳಿಸಿ, ಮಕ್ಕಳ ಉತ್ತರ ಪತ್ರಿಕೆ ತಿದ್ದುವಂತೆ ಓದಿದರು. ಅವರು ಹೈಸ್ಕೂಲು ಟೀಚರು. ಆ ಮುಖ ನೋಡಿದರೆ ಸಾಕು, ಎಷ್ಟು ಮಾರ್ಕ್ಸು ಅಂತ ಗೊತ್ತಾಗುತ್ತದೆ.

"ಶೋರೂಮಿನೋರು ಕೊಟ್ಟಿದ್ದಕ್ಕೆ ಕಣ್ಮುಚ್ಚಿ ರುಜು ಹಾಕ್ಬಿಟ್ಯಾ? ಹೊರಗಡೆ ವಿಚಾರಿಸಲಿಲ್ವಾ?"

"ಅವ್ರೇ ಎಲ್ಲಾ ಮಾಡ್ಕೊಟ್ರು ಅತ್ತಿಗೆ."

"ಮಾಡ್ಕೊಡ್ದೆ ಏನು, ನಿನ್ ದುಡ್ಡಲ್ವಾ! ಕೀ ಕಳ್ಕೊಂಡ್ರೆ ಒಂದು ಕವರ್ರು, ಬ್ಯಾಗ್ ಕಳ್ಕೊಂಡ್ರೆ ಇನ್ನೊಂದು ಕವರ್ರು. ನೋಡಿಲ್ಲಿ, ಮಾಲೀಕರಿಗೆ ಅಪಘಾತ ಆದ್ರೆ ಅಂತ ಸ್ಕೂಟರಿಗೂ ಕಟ್ಟಿದೀಯ, ಕಾರಿಗೂ ಕಟ್ಟಿದೀಯ. ಒಂದಿದ್ರೆ ಸಾಕು ಕಣೇ. ಎರಡು ಸಲ ಸಾಯ್ತೀಯಾ?"

ಬೀದಿಯವರೆಲ್ಲ ನಕ್ಕರು. ನನಗೆ ಉರಿದುಹೋಯಿತು. ಹೊಸ ಕಾರು ತಂದ ದಿನ ಸಾಯುವ ಮಾತೇ? ಮುನಿಸಿಕೊಂಡು ಒಬ್ಬಟ್ಟು ಬೇಡ ಅಂದೆ, ಆಮೇಲೆ ತಿಂದೆ. ಮುಂದಿನ ವರ್ಷ ಪಾಲಿಸಿ ನವೀಕರಿಸುವಾಗ ಅತ್ತಿಗೆಯನ್ನು ಫೋನಿನಲ್ಲಿ ಪಕ್ಕದಲ್ಲಿಟ್ಟುಕೊಂಡೇ ಒಂದೊಂದು ಸಾಲಿಗೂ ಬೇಕು, ಬೇಡ ಅಂತ ಗುರುತು ಹಾಕಿದೆ. ಉಳಿದ ದುಡ್ಡಿನಲ್ಲಿ ಮನೆಗೆ ಒಂದು ಮಿಕ್ಸಿ ಬಂತು. ಅದು ತಿರುಗಿದಾಗಲೆಲ್ಲ ನನಗೆ ಅತ್ತಿಗೆಯ ಧ್ವನಿಯೇ ಕೇಳುತ್ತದೆ.

ಅತ್ತಿಗೆ ಹೀಗಾಗಲು ಕಾರಣ ಇತ್ತು. ಅವರ ಶಾಲೆ ಇರುವುದು ನಿಟ್ಟೂರಿನಿಂದ ಆಚೆ ಒಂದು ಹಳ್ಳಿಯಲ್ಲಿ. ಗುಬ್ಬಿಯಿಂದ ನಿಟ್ಟೂರಿಗೆ ಬಸ್ಸು, ಅಲ್ಲಿಂದ ಸಿಕ್ಕಿದ ಆಟೋ, ಸಿಗದ ದಿನ ನಡಿಗೆ. ಐವತ್ತು ಹತ್ತಿರ ಬಂದಾಗ ಡ್ರೈವಿಂಗ್ ಕಲಿಯುತ್ತೇನೆಂದು ಹೊರಟರು. ಅಣ್ಣ ನಕ್ಕ. ಅವನೇನು ಕೆಟ್ಟವನಲ್ಲ, ಖರ್ಚಿನ ಹೆಸರೆತ್ತಿದರೆ ಮೈಮೇಲೆ ಹಾವು ಬಿದ್ದಂತೆ ಆಡುತ್ತಾನೆ, ಅಷ್ಟೆ. ಅತ್ತಿಗೆ ತಮ್ಮ ಚೀಟಿ ಎತ್ತಿ ತುಮಕೂರಿನಲ್ಲಿ ಒಂದು ಹಳೆಯ ಬಿಳಿ ಕಾರು ಕೊಂಡೇಬಿಟ್ಟಾಗ ಅವನು ಒಂದೇ ಷರತ್ತು ಹಾಕಿದ.

"ಪೆಟ್ರೋಲು, ಸರ್ವೀಸು ಏನಾರ ಮಾಡ್ಕೊ. ಒಂದ್ಸಲ ದೊಡ್ಡ ರಿಪೇರಿ ಅಂತ ಮನೆ ದುಡ್ಡಿಗೆ ಕೈ ಹಾಕೋ ಹಂಗಾದ್ರೆ, ಅವತ್ತೇ ಮಾರಿಬುಡೋದು. ಆಮೇಲೆ ಅಳಂಗಿಲ್ಲ."

"ಆಗ್ಲಿ," ಅಂದರು ಅತ್ತಿಗೆ.

ಅವತ್ತಿನಿಂದ ಅವರು ಇನ್ಶೂರೆನ್ಸ್ ಕಲಿಯಲು ಕೂತರು. ಕಾರು ಉಳಿಯಬೇಕಾದರೆ ಅದು ಗಟ್ಟಿಯಾಗಿರಬೇಕು, ಆದರೆ ಅದಕ್ಕೆ ಸುರಿಯುವ ದುಡ್ಡು ಕಮ್ಮಿಯಾಗಬೇಕು. ನಮ್ಮ ಕಡೆ ಇದು ಸುಲಭದ ಕೆಲಸವಲ್ಲ. ಯಾಕೆಂದರೆ ಇಲ್ಲಿ ಏಜೆಂಟು ಯಾವಾಗಲೂ ನೆಂಟನೇ ಆಗಿರುತ್ತಾನೆ. ನೆಂಟನ ಹತ್ತಿರ ಲೆಕ್ಕ ಕೇಳುವುದು ಹೇಗೆ? ಮದುವೆ ಮುಂಜಿಗೆ ಮುಖ ನೋಡಬೇಡವೇ? ಅವನು ಹೇಳಿದಷ್ಟು ಕಟ್ಟಿ, "ನಮ್ಮೋನೇ ಅಲ್ವಾ, ಬುಡು," ಅನ್ನುವುದು ನಮ್ಮ ಪದ್ಧತಿ. ಅತ್ತಿಗೆಯ ಏಜೆಂಟು ಅವರ ತವರಿನ ಕಡೆಯ ಹುಡುಗ, ತುಮಕೂರಿನಲ್ಲಿದ್ದಾನೆ. ಒಂದು ನಾಮಕರಣದ ಪಂಕ್ತಿಯಲ್ಲಿ ಅವನು ಸೊಂಟಕ್ಕೆ ಟವೆಲ್ ಕಟ್ಟಿ ಪಾಯಸ ಬಡಿಸುತ್ತಾ ಬಂದ. ಅತ್ತಿಗೆ ಎಲೆಗೆ ಕೈ ಅಡ್ಡ ಹಿಡಿದರು.

"ಪಾಯಸ ಇರ್ಲಿ ಕಣಪ್ಪ. ಇಷ್ಟು ವರ್ಷ ನಾನು ನಿಮ್ ಕಂಪನಿನ ಒಂದ್ ಪೈಸೆ ಕೇಳಿಲ್ಲ. ನೋ ಕ್ಲೇಮ್ ಬೋನಸ್ಸು ಎಲ್ಲಿ?"

"ಅಕ್ಕಾ, ಊಟ ಆಗ್ಲಿ..."

"ಊಟ ಆಗುತ್ತೆ. ಬೋನಸ್ ಎಷ್ಟು ಹಾಕಿದೀಯ ಹೇಳು, ಕೈ ತೆಗೀತೀನಿ."

ಹಿಂದೆ ಅನ್ನದವನು, ಸಾರಿನವನು ಸಾಲಾಗಿ ನಿಂತಿದ್ದರು. ಹುಡುಗ ಕೊನೆಗೆ ಬಾಯಿಬಿಟ್ಟ, ಹಾಕುವಾಗ ಒಂದು ವರ್ಷದ್ದು ಬಿಟ್ಟುಹೋಗಿತ್ತಂತೆ. ಅತ್ತಿಗೆ ಕೈ ತೆಗೆದು ಪಾಯಸ ಹಾಕಿಸಿಕೊಂಡರು, ಎರಡನೇ ಸಲವೂ ಹಾಕಿಸಿಕೊಂಡರು. ನಾನು ಪಕ್ಕದ ಎಲೆಯಲ್ಲಿ ನಾಚಿಕೆಯಿಂದ ಕುಗ್ಗಿ ಕೂತಿದ್ದವಳು, ಮನಸ್ಸಿನಲ್ಲೇ ಭಲೇ ಅಂದೆ. ಮಗು ಅಳದೆ ತಾಯಿಯೂ ಹಾಲು ಕೊಡುವುದಿಲ್ಲ, ನೆಂಟ ಕೊಡುತ್ತಾನೆಯೇ!

ವರ್ಷವರ್ಷದ ಕಂತನ್ನು ಇಳಿಸುವ ಆ ಬೋನಸ್ ಉಳಿಸಲು ಅವರು ಸಣ್ಣಪುಟ್ಟದ್ದಕ್ಕೆ ಕಂಪನಿಯ ಬಾಗಿಲು ತಟ್ಟುತ್ತಿರಲಿಲ್ಲ. ಎಮ್ಮೆ ಉಜ್ಜಿದ ಗೆರೆ, ಸೈಕಲ್ ತಗುಲಿದ ತಗ್ಗು, ಎಲ್ಲ ಹಾಗೇ ಇದ್ದವು. ಬೇಡದ್ದನ್ನೆಲ್ಲ ಪಾಲಿಸಿಯಿಂದ ತೆಗೆಸಿದರು. ಒಂದನ್ನು ಮಾತ್ರ ಬಿಡಲಿಲ್ಲ, ಎಂಜಿನ್ನಿಗೆ ನೀರು ನುಗ್ಗಿದರೆ ದುಡ್ಡು ಕೊಡುವ ಕವರ್ರು. ಏಜೆಂಟು ಹುಡುಗ ನಗುತ್ತಿದ್ದ, "ಗುಬ್ಬಿಗೆ ಸಮುದ್ರ ಬರುತ್ತಾ ಅಕ್ಕಾ?" ಅತ್ತಿಗೆ ಹೇಳುತ್ತಿದ್ದರು, "ನಮ್ ಸ್ಕೂಲ್ ದಾರೀಲಿ ರೈಲು ಹಳಿ ಕೆಳಗೆ ಅಂಡರ್‌ಪಾಸಿದೆ. ನೀನು ಮಳೇಲಿ ಬಂದು ನೋಡು, ಆಮೇಲೆ ನಗು."

ಇನ್ನೊಂದು ಕಟ್ಟುನಿಟ್ಟಿತ್ತು. ಕಾರು ಹತ್ತಿದವರಿಂದ ಅವರು ಕಾಸು ಮುಟ್ಟುತ್ತಿರಲಿಲ್ಲ. ಬಿಳಿ ಬೋರ್ಡಿನ ಸ್ವಂತ ಕಾರಿನಲ್ಲಿ ದುಡ್ಡು ತೆಗೆದುಕೊಂಡು ಜನರನ್ನು ಕೂರಿಸಿದರೆ ಅದು ಬಾಡಿಗೆ. ಬಾಡಿಗೆ ಅಂತಾದರೆ ಕಂಪನಿ ಕೈ ಎತ್ತಿಬಿಡುತ್ತದೆ. ಇದನ್ನು ಬೀದಿಗೆಲ್ಲ ಹೇಳಿ ಹೇಳಿ ಅವರಿಗೆ ಸಾಕಾಗಿತ್ತು. ಅದರಲ್ಲೂ ಎದುರುಮನೆ ದೊಡ್ಡಮ್ಮನಿಗೆ.

ದೊಡ್ಡಮ್ಮ ನಮ್ಮ ನೆಂಟರಲ್ಲ, ಬೀದಿಗೆಲ್ಲ ದೊಡ್ಡಮ್ಮ. ತೆಂಗಿನ ತೋಟದ ಯಜಮಾನಿ, ಎಂಬತ್ತರ ಹತ್ತಿರ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಕೊಟ್ಟು ಗೊತ್ತು, ಕೈಚಾಚಿ ಗೊತ್ತಿಲ್ಲ. ಅವರ ತವರೂರು ಅತ್ತಿಗೆಯ ಶಾಲೆಯ ಹಾದಿಯಲ್ಲೇ ಇದೆ, ಅಲ್ಲೊಂದು ಸಣ್ಣ ಈಶ್ವರನ ಗುಡಿ. ಪ್ರತಿ ಸೋಮವಾರ ಅಲ್ಲಿಗೆ ಹೋಗಿ ಸಂಜೆಯವರೆಗೆ ಇದ್ದು ಬರುವುದು ಅವರ ವ್ರತ. ಮಂಡಿ ಹಿಡಿದುಕೊಂಡ ಮೇಲೆ ಅತ್ತಿಗೆಯೇ ಕರೆದುಕೊಂಡು ಹೋಗಿ ಕರೆತರುತ್ತಿದ್ದರು. ಮೊದಮೊದಲು ದೊಡ್ಡಮ್ಮ ನೋಟು ತುರುಕಲು ನೋಡಿದರು, ಅತ್ತಿಗೆ ಬಿಡಲಿಲ್ಲ. ಕೊನೆಗೆ ಕಾಯಿ, ಅವರೆಕಾಯಿ ಅಂತ ತಂದು ಜಗಲಿ ಮೇಲಿಟ್ಟು ಹೋಗುತ್ತಿದ್ದರು. ಆದರೆ ಊರವರ ಮುಂದೆ ಮಾತ್ರ, "ನಾನೇನ್ ಬಿಟ್ಟಿ ಹೋಗ್ತೀನಾ, ಪೆಟ್ರೋಲಿಗೆ ಕೊಡ್ತೀನಿ," ಅಂತ ಗತ್ತಿನಿಂದ ಹೇಳಿಕೊಳ್ಳುತ್ತಿದ್ದರು. ಅತ್ತಿಗೆಗೆ ಇದು ಗೊತ್ತಿತ್ತು. "ಹೇಳ್ಕೊಳ್ಳಿ ಬಿಡು, ಅದ್ರಿಂದ ನನಗೇನು?" ಅನ್ನುತ್ತಿದ್ದರು.

ಅದರಿಂದ ಏನು ಅನ್ನುವುದು ಆ ಕಾರ್ತಿಕದಲ್ಲಿ ಗೊತ್ತಾಯಿತು. ಕಾರ್ತಿಕ ಸೋಮವಾರ, ಗುಡಿಯಲ್ಲಿ ದೀಪ ಹಚ್ಚಲು ದೊಡ್ಡಮ್ಮನ ಜೊತೆ ಬೀದಿಯ ಇನ್ನಿಬ್ಬರು ಹೆಂಗಸರೂ ಹೋಗಿದ್ದರು. ಸಂಜೆ ಅತ್ತಿಗೆ ಎಲ್ಲರನ್ನೂ ಹತ್ತಿಸಿಕೊಂಡು ಬರುವಾಗ ಜಡಿಮಳೆ. ಅಂಡರ್‌ಪಾಸಿನಲ್ಲಿ ನೀರು ಕಮ್ಮಿಯೇ ಕಂಡಿತಂತೆ, ಮುಂದೆ ಒಂದು ಟ್ರಾಕ್ಟರ್ ಆರಾಮಾಗಿ ದಾಟಿತಂತೆ. ಅತ್ತಿಗೆ ಹಿಂದೆಯೇ ಇಳಿಸಿದರು. ಟ್ರಾಕ್ಟರ್ ಎಬ್ಬಿಸಿದ ಅಲೆ ಬಾನೆಟ್ ಮೇಲೆ ಹತ್ತಿತು, ಕಾರು ಗಕ್ಕನೆ ನಿಂತಿತು.

ಮೇಲೆ ನಿಂತಿದ್ದ ಗಂಡಸರೆಲ್ಲ ಒಂದೇ ಸಮ ಕೂಗಿದರು, "ಸೆಲ್ಫ್ ಹೊಡೀರಿ ಮೇಡಂ, ಸೆಲ್ಫ್ ಹೊಡೀರಿ!" ಅತ್ತಿಗೆ ಕೀ ತೆಗೆದು ರವಿಕೆಯೊಳಗೆ ಹಾಕಿಕೊಂಡರು. ನೀರಲ್ಲಿ ನಿಂತ ಎಂಜಿನ್ನನ್ನು ಮತ್ತೆ ಚಾಲೂ ಮಾಡಿದರೆ ಅದೂ ಹಾಳು, ಕ್ಲೇಮೂ ಹಾಳು ಅಂತ ಅವರಿಗೆ ಗೊತ್ತಿತ್ತು. ಮಂಡಿಯುದ್ದ ನೀರಿನಲ್ಲಿ ಇಳಿದು, ದೊಡ್ಡಮ್ಮನನ್ನು ತೋಳಿನಲ್ಲಿ ಹಿಡಿದು ಮೇಲಕ್ಕೆ ಹತ್ತಿಸಿ, ಆಮೇಲೆ ಮಳೆಯಲ್ಲೇ ನಿಂತು ನೀರು ಎಲ್ಲಿಯವರೆಗಿದೆ ಅಂತ ಫೋಟೋ ಹಿಡಿದರು. ನಾನಾಗಿದ್ದರೆ ಹಣೆ ಹಣೆ ಚಚ್ಚಿಕೊಂಡು ಅಳುತ್ತಿದ್ದೆ.

ಕಾರನ್ನು ತುಮಕೂರಿನ ಗ್ಯಾರೇಜಿಗೆ ಎಳೆದುಕೊಂಡು ಹೋದರು. ಎಂಜಿನ್ ಬಿಚ್ಚಬೇಕು ಅಂದರು. ಅವರು ಹೇಳಿದ ಮೊತ್ತ ಕೇಳಿ ಅಣ್ಣ ತನ್ನ ಷರತ್ತು ನೆನಪಿಸಿದ. ಇನ್ಶೂರೆನ್ಸ್ ಬಂದರೆ ಕಾರು ಉಳಿಯಿತು, ಇಲ್ಲದಿದ್ದರೆ ಹೋಯಿತು. ವಿಷಯ ತಿಳಿದು ನಾನು ಕುಣಿಗಲ್‌ನಿಂದ ರಜೆ ಹಾಕಿ ಓಡಿ ಬಂದೆ.

ಕಂಪನಿಯ ಕಡೆಯಿಂದ ವಿಚಾರಿಸಲು ಒಬ್ಬ ಬಂದ ದಿನ ಅತ್ತಿಗೆ ಶಾಲೆಯಲ್ಲಿದ್ದರು. ಕಾರಿನಲ್ಲಿ ನಾಲ್ಕು ಬೇರೆ ಬೇರೆ ಮನೆಯ ಹೆಂಗಸರು ಇದ್ದದ್ದು ಅವನಿಗೆ ಅನುಮಾನ ತಂದಿತ್ತು. ನೆಟ್ಟಗೆ ಎದುರುಮನೆ ಜಗಲಿಗೆ ಹೋಗಿ ಕೂತ. ದೊಡ್ಡಮ್ಮನ ಸುತ್ತ ಬೀದಿಯ ಹೆಂಗಸರು ಅವರೆಕಾಯಿ ಬಿಡಿಸುತ್ತಿದ್ದರು. ನಾನು ನಮ್ಮ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ.

"ಅಜ್ಜಿ, ಆ ಕಾರಲ್ಲಿ ನೀವು ಸುಮ್ನೆ ಹೋಗ್ತೀರಾ, ಏನಾದ್ರೂ ಕೊಡ್ತೀರಾ?"

ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿದರು. "ಸುಮ್ನೆ ಹೋಗಕ್ಕೆ ನಾನೇನ್ ಗತಿಗೆಟ್ಟೋಳಾ? ಪ್ರತಿ ಸಲ ಕೊಡ್ತೀನಿ. ಕೈ ತುಂಬಾ ಕೊಡ್ತೀನಿ."

ನಾನು ಲೋಟ ಅಲ್ಲೇ ಕುಕ್ಕಿದೆ. "ಅಯ್ಯೋ ದೊಡ್ಡಮ್ಮಾ, ಅದೇನ್ ಹೇಳ್ತಿದೀರಾ!" ಅಂತ ಬೀದಿ ದಾಟಿ ಓಡುವಷ್ಟರಲ್ಲಿ ಅವನು ಫೋನಿನಲ್ಲಿ ಎಲ್ಲ ರೆಕಾರ್ಡ್ ಮಾಡಿಕೊಂಡು, ರುಜು ಹಾಕಿಸಿಕೊಂಡು ಎದ್ದಾಗಿತ್ತು. ದೊಡ್ಡಮ್ಮ ನನ್ನನ್ನು ಗೆದ್ದ ಮುಖದಿಂದ ನೋಡಿದರು. ಬೀದಿಯ ಮಾನ, ನಮ್ಮ ಮನೆಯ ಮಾನ, ಎರಡೂ ಉಳಿಸಿದೆ ಅನ್ನುವ ಮುಖ.

ಸಂಜೆ ಏಜೆಂಟು ಹುಡುಗನ ಫೋನ್ ಬಂತು. "ಅಕ್ಕಾ, ಕೆಟ್ಟೋಯ್ತು. ಅಜ್ಜಿ ದುಡ್ಡು ಕೊಟ್ಟಿದೀನಿ ಅಂತ ಹೇಳಿಕೆ ಕೊಟ್ಟವ್ರೆ. ಅವ್ರೇ ಬಂದು ಅದು ಸುಳ್ಳು ಅಂತ ಬರ್ಕೊಡ್ಬೇಕು. ಇಲ್ದಿದ್ರೆ ಕ್ಲೇಮ್ ಬರಲ್ಲ." ಅಣ್ಣ ಕೇಳಿಸಿಕೊಂಡ, ಎದ್ದು ಒಳಗೆ ಹೋದ. ಇದ್ದ ಸ್ಥಿತಿಯಲ್ಲೇ ಕಾರು ಕೊಳ್ಳುವ ತುಮಕೂರಿನ ವ್ಯಾಪಾರಿಯೊಬ್ಬನ ಜೊತೆ ಅವನು ಫೋನಿನಲ್ಲಿ ಮಾತಾಡುವುದು ಅಡುಗೆಮನೆಗೆ ಕೇಳಿಸುತ್ತಿತ್ತು.

ನಾನು ಸೆರಗು ಸಿಕ್ಕಿಸಿಕೊಂಡು ಹೊರಟೆ. "ಈಗ್ಲೇ ಹೋಗಿ ದೊಡ್ಡಮ್ಮನ್ನ ಕೇಳ್ತೀನಿ."

"ಕೂತ್ಕೊ," ಅಂದರು ಅತ್ತಿಗೆ. ಆ ಧ್ವನಿಗೆ ಒಂಬತ್ತನೇ ಕ್ಲಾಸಿನ ಹುಡುಗರೇ ಕೂರುತ್ತಾರೆ. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಆ ವಯಸ್ಸಿನೋರ ಬಾಯಲ್ಲಿ ನಾನು ಬಿಟ್ಟಿ ಹೋಗ್ತಿದ್ದೆ, ಸುಳ್ಳು ಹೇಳಿದ್ದೆ ಅಂತ ಆಫೀಸಲ್ಲಿ ಹೇಳಿಸಿ ನಾನು ಕಾರು ಉಳಿಸ್ಕೋಬೇಕಾ? ಬೇಡ. ಹೋದ್ರೆ ಹೋಗುತ್ತೆ."

"ಇಷ್ಟು ವರ್ಷ ಪೈಸೆ ಪೈಸೆಗೆ ಹೊಡೆದಾಡಿದ್ದು ಏನಕ್ಕೆ ಮತ್ತೆ?"

"ದುಡ್ಡಿಗೆ ಹೊಡೆದಾಡ್ತೀನಿ ಕಣೇ. ಅವರ ಜೊತೆ ಹೊಡೆದಾಡಲ್ಲ."

ಹೇಳಿ ಒಗ್ಗರಣೆ ಹಾಕಲು ತಿರುಗಿದರು. ಕಣ್ಣು ಒರೆಸಿಕೊಂಡದ್ದು ಮೆಣಸಿನಕಾಯಿ ಘಾಟಿಗೆ ಅಂತ ನಾನು ನಂಬಬೇಕಿತ್ತು. ನಂಬಲಿಲ್ಲ. ನನ್ನ ಬಾಯಿಗೆ ಹುಟ್ಟಿನಿಂದ ಬೀಗವಿಲ್ಲ. ಅತ್ತಿಗೆ ಸ್ನಾನಕ್ಕೆ ಹೋದಾಗ ಬೀದಿ ದಾಟಿ ದೊಡ್ಡಮ್ಮನಿಗೆ ಎಲ್ಲ ಹೇಳಿಬಿಟ್ಟೆ, ಅಣ್ಣನ ಷರತ್ತಿನ ಸಮೇತ. ಮಾಡಿದ್ದು ಸರಿ ಅಂತ ಈಗಲೂ ಹೇಳುತ್ತೇನೆ. ದೊಡ್ಡಮ್ಮ ಬಾಗಿಲು ಹಾಕಿಕೊಂಡರು.

ಬೆಳಗ್ಗೆ ಅತ್ತಿಗೆ ಶಾಲೆಯ ಬಸ್ಸಿಗೆ ಹೋದ ಮೇಲೆ ಎದುರುಮನೆ ಬಾಗಿಲು ತೆಗೆಯಿತು. ದೊಡ್ಡಮ್ಮ ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟಿದ್ದರು, ಹೊಸದಾಗಿ ವಿಭೂತಿ ಹಚ್ಚಿದ್ದರು. "ಆ ಆಪೀಸು ಎಲ್ಲೈತೆ? ತೋರ್ಸು ನಡಿ," ಅಂದರು.

ತುಮಕೂರಿನ ಬಸ್ಸು ಹತ್ತಿದೆವು. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಆಧಾರ್ ತೋರಿಸಿದರೆ ಮುಗಿಯಿತು. ನಾನು ತೋರಿಸಿದೆ. ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟರು. "ಫ್ರೀ ಐತಜ್ಜಿ," ಅಂದ ಕಂಡಕ್ಟರ್. "ನಿನ್ನ ಕೇಳುದ್ನಾ? ಟಿಕೆಟ್ ಹರಿ," ಅಂದರು. ಇಂಥವರನ್ನು ಯಾವ ಮಾತು ಹೇಳಲು ಕರೆದುಕೊಂಡು ಹೋಗುತ್ತಿದ್ದೇನೆ ಅಂತ ಆಗ ನನಗೆ ಅರಿವಾಯಿತು.

ಆಫೀಸಿನಲ್ಲಿ ಜನ ತುಂಬಿದ್ದರು. ಹಾಳು ಗ್ರಹಚಾರ, ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರು ಅಲ್ಲೇ ಕೂತಿದ್ದರು. ದೊಡ್ಡಮ್ಮನ ತೋಟದ ಕೊಬ್ಬರಿ ಅವರೇ ಕೊಳ್ಳುವುದು. ದಡಬಡ ಎದ್ದು ಕೈಮುಗಿದು, "ಏನಮ್ಮಾ ತಾವು ಇಲ್ಲಿಗಂಟ? ಬನ್ನಿ ಕೂತ್ಕಳಿ," ಅಂತ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ನಾನು ಕಿವಿಯಲ್ಲಿ, "ದೊಡ್ಡಮ್ಮ, ಇವ್ರು ಹೋಗ್ಲಿ, ಆಮೇಲೆ ಹೇಳೋಣ," ಅಂದೆ. ಅವರು ಕೂರಲೂ ಇಲ್ಲ, ಕಾಯಲೂ ಇಲ್ಲ. ನೆಟ್ಟಗೆ ಮೇಜಿನ ಮುಂದೆ ಹೋಗಿ ನಿಂತರು.

"ಗುಬ್ಬಿ ಟೀಚರಮ್ಮನ ಕಾರಿನ ವಿಚಾರ. ದುಡ್ಡು ಕೊಟ್ಟೆ ಅಂದಿದ್ದೆ. ಕೊಟ್ಟಿಲ್ಲ. ಸುಳ್ಳು ಹೇಳ್ದೆ."

ಅಧಿಕಾರಿ ಕಂಪ್ಯೂಟರಿನಿಂದ ತಲೆಯೆತ್ತಿದರು. "ಒಂದ್ಸಲಾನೂ ಕೊಟ್ಟಿಲ್ವಾ?"

"ಒಂದ್ಸಲಾನೂ ಇಲ್ಲ. ಇಷ್ಟು ವರ್ಷ ಪ್ರತಿ ಸೋಮವಾರ ಬಿಟ್ಟಿ ಹೋಗಿದೀನಿ. ಕೊಡಕ್ಕೆ ಹೋದ್ರೆ ಅವಳು ಮುಟ್ಟಲ್ಲ. ತೆಂಗಿನಕಾಯಿ ಕೊಟ್ಟಿದೀನಿ, ಅವರೆಕಾಯಿ ಕೊಟ್ಟಿದೀನಿ. ಅದೂ ತಪ್ಪಾದ್ರೆ ಬರ್ಕಳಿ."

"ಅದಕ್ಕೇನಿಲ್ಲ ಅಜ್ಜಿ. ಮತ್ತೆ ಯಾಕೆ ಹಂಗೆ ಹೇಳಿದ್ರಿ?"

ಅಷ್ಟು ಹೊತ್ತು ಗಟ್ಟಿಯಾಗಿದ್ದ ಧ್ವನಿ ಆಗ ಒಡೆಯಿತು. "ಬೀದಿ ಹೆಂಗಸ್ರೆಲ್ಲ ಕೂತಿದ್ರು ಕಣಪ್ಪ. ಅವ್ರ ಮುಂದೆ ಬಿಟ್ಟಿ ಹೋಗ್ತೀನಿ ಅಂತ ಹೆಂಗ್ ಹೇಳ್ಲಿ?"

ಕೊಬ್ಬರಿ ವ್ಯಾಪಾರಿ ನೆಲ ನೋಡುತ್ತಿದ್ದರು. ಅಧಿಕಾರಿ ಬರೆದುಕೊಟ್ಟ ಹಾಳೆಗೆ ದೊಡ್ಡಮ್ಮ ರುಜು ಹಾಕಿ, ಸೆರಗು ಸರಿಮಾಡಿಕೊಂಡು ಹೊರಗೆ ಬಂದರು. ವಾಪಸ್ ಬಸ್ಸಿನಲ್ಲಿ ಗುಬ್ಬಿ ಬರುವವರೆಗೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಕ್ಲೇಮು ಬಂತು. ಆಫೀಸಿಗೆ ಹೋಗಿಬಂದ ದಿನವೇ ಸಂಜೆ ಏಜೆಂಟು ಹುಡುಗ ಫೋನಿನಲ್ಲಿ ನಡೆದದ್ದೆಲ್ಲ ಹೇಳಿದಾಗ ಅತ್ತಿಗೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬೋನಸ್ ಹೋಯಿತು, ಮುಂದಿನ ವರ್ಷದಿಂದ ಮತ್ತೆ ಸೊನ್ನೆಯಿಂದ ಶುರು. ಕಂಪನಿ ಕೊಡದೆ ಉಳಿಸಿದ ಸಣ್ಣ ಪಾಲನ್ನು ಅತ್ತಿಗೆ ತಮ್ಮ ಸಂಬಳದಲ್ಲೇ ತುಂಬಿದರು, ಮನೆ ದುಡ್ಡಿಗೆ ಕೈ ಹಾಕಲಿಲ್ಲ. ಅಣ್ಣ ಆ ವ್ಯಾಪಾರಿಯ ನಂಬರನ್ನು ಫೋನಿನಿಂದ ಅಳಿಸಿ ಅತ್ತಿಗೆಗೆ ತೋರಿಸಿದ. ಅವನ ಮಟ್ಟಿಗೆ ಅದೊಂದು ದೊಡ್ಡ ಭಾಷಣ. ಕಾರು ಮನೆಗೆ ಬಂತು, ಆದರೆ ದೊಡ್ಡಮ್ಮ ಅದರ ಹತ್ತಿರ ಸುಳಿಯಲಿಲ್ಲ. ಸೋಮವಾರ ಅತ್ತಿಗೆ ಹಾರನ್ ಮಾಡಿದರೆ ಆ ಹೊತ್ತಿಗಾಗಲೇ ಬಾಗಿಲಿಗೆ ಬೀಗ. ಮಂಡಿ ಎಳೆದುಕೊಂಡು ಬಸ್ ಸ್ಟಾಂಡಿಗೆ ಹೋಗಿರುತ್ತಿದ್ದರು. ಕೊಬ್ಬರಿ ವ್ಯಾಪಾರಿ ಹೇಳಿದರೋ, ಗಾಳಿಯೇ ಹೇಳಿತೋ, ಊರಿಗೆಲ್ಲ ಗೊತ್ತಾಗಿತ್ತು.

ಸಂಕ್ರಾಂತಿಗೆ ಎಳ್ಳು ಬೀರಲು ತವರಿಗೆ ಹೋದವಳು ಸೋಮವಾರ ಆ ಈಶ್ವರನ ಗುಡಿ ನೋಡಿಬರೋಣವೆಂದು ಅತ್ತಿಗೆಯ ಕಾರಿನಲ್ಲೇ ಹೊರಟೆ. ಬಸ್ ಸ್ಟಾಂಡಿನಲ್ಲಿ ಹತ್ತಾರು ಜನರ ನಡುವೆ ದೊಡ್ಡಮ್ಮ ಹೂವಿನ ಬುಟ್ಟಿ ಹಿಡಿದು ನಿಂತಿದ್ದರು. ಅತ್ತಿಗೆ ಕಾರು ನಿಲ್ಲಿಸಿ, ಇಳಿದು, ಎಲ್ಲರಿಗೂ ಕೇಳುವಂತೆ ಅಂದರು:

"ದೊಡ್ಡಮ್ಮ, ಒಂದು ಉಪಕಾರ ಮಾಡ್ತೀರಾ? ಅವತ್ತು ನೀರಲ್ಲಿ ಸಿಕ್ಕಾಕೊಂಡಾಗಿಂದ ನನಗೆ ಆ ಅಂಡರ್‌ಪಾಸ್ ದಾಟಕ್ಕೆ ಕೈ ನಡುಗುತ್ತೆ. ಪಕ್ಕದಲ್ಲಿ ದೊಡ್ಡೋರು ಯಾರಾದ್ರೂ ಇದ್ರೆ ಧೈರ್ಯ. ಸೋಮವಾರನಾದ್ರೂ ಜೊತೆಗೆ ಬನ್ನಿ."

ಹಿಂದಿನ ಸೀಟಿನಲ್ಲಿ ಕೂತಿದ್ದ ನಾನು ತುಟಿ ಕಚ್ಚಿಕೊಂಡೆ. ಕೈ ನಡುಗುವುದಂತೆ! ಹಿಂದಿನ ದಿನ ತಾನೇ ಲಾರಿಯೊಂದನ್ನು ಹಿಂದೆ ಹಾಕಿ ನನ್ನ ಜೀವ ತೆಗೆದಿದ್ದರು.

ದೊಡ್ಡಮ್ಮ ಅತ್ತಿಗೆಯ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕದವರ ಕಡೆ ತಿರುಗಿ, "ಈವಮ್ಮಂಗೆ ಒಬ್ಳೇ ಹೋಗಕ್ಕೆ ಭಯ ಅಂತೆ. ಏನ್ ಮಾಡದು, ಹೋಗ್ಬುಟ್ಟು ಬತ್ತೀನಿ," ಅಂದು ಬುಟ್ಟಿ ನನ್ನ ಕೈಗೆ ಕೊಟ್ಟು ಮುಂದಿನ ಸೀಟಿನಲ್ಲಿ ಕೂತರು. ನಿಟ್ಟೂರು ದಾಟುವವರೆಗೂ ಮೆಲ್ಲಗೆ, ಎಡಕ್ಕೆ, ಎಮ್ಮೆ ನೋಡು ಅಂತ ಹೇಳುತ್ತಲೇ ಇದ್ದರು.

ಅಂಡರ್‌ಪಾಸಿನಲ್ಲಿ ಹನಿ ನೀರಿರಲಿಲ್ಲ, ಬರೀ ಧೂಳು. ಆದರೂ ಅತ್ತಿಗೆ ಅದರ ಬಾಯಿಯಲ್ಲಿ ಕಾರು ನಿಲ್ಲಿಸಿ ಪಕ್ಕಕ್ಕೆ ತಿರುಗಿದರು.

"ಇಳಿಸ್ಲಾ ದೊಡ್ಡಮ್ಮ?"

"ಇಳಿಸು ಮಗಾ," ಅಂದರು ದೊಡ್ಡಮ್ಮ. "ನಾನಿದೀನಲ್ಲ."